ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಗಾಡಿ ಓಲಾಡುತ್ತಿದೆ, ಸ್ಟಿಯರಿಂಗ್ ಬದಲಿಸಬೇಕೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. 2013ರ ಫಾರ್ಚುನರ್ ಇದೆ, 1.4 ಲಕ್ಷ ಕಿಲೋಮೀಟರ್ ಓಡಿದೆ. ಮೂಟೆ ಹಾಕಿದಾಗ ಹಿಂದೆ ತುಂಬಾ ಕೂರುತ್ತಿತ್ತು. ಹಾಗಾಗಿ ಆರು ತಿಂಗಳ ಹಿಂದೆ ಹಿಂದಿನ ಎರಡು ಸ್ಪ್ರಿಂಗ್ ಮತ್ತು ಎರಡು ಶಾಕ್ ಅಬ್ಸಾರ್ಬರ್ ತೆಗೆಸಿ, ಹೊರಗಿನ ಕಂಪನಿಯ ‘ಹೆವಿ ಡ್ಯೂಟಿ’ ಸೆಟ್ ಹಾಕಿಸಿದೆ. ಮುಂದಿನವು ಹಳೆಯವೇ. ಆಮೇಲಿಂದ ಹಾಸನ ರಸ್ತೆಯಲ್ಲಿ 80 ದಾಟಿದರೆ ಗಾಡಿ ಅಲೆದಾಡುತ್ತದೆ. ಲಾರಿ ಪಕ್ಕದಲ್ಲಿ ಹೋದರೆ ಹಿಂಭಾಗವನ್ನು ಯಾರೋ ಎಳೆದಂತೆ ಆಗುತ್ತದೆ. ಶಿರಾಡಿ ಘಾಟಿಯಲ್ಲಿ ಮಳೆ ಬರುತ್ತಿದ್ದಾಗ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಏನೂ ಬದಲಾಗಲಿಲ್ಲ. ಈಗ ಸ್ಟಿಯರಿಂಗ್ ರ‍್ಯಾಕ್ ಬದಲಿಸಿ ಅನ್ನುತ್ತಿದ್ದಾರೆ. ಮೂಟೆ ಹೇರಿದಾಗ ಮಾತ್ರ ಅಷ್ಟು ತೊಂದರೆ ಇಲ್ಲ. ಇನ್ನೊಂದು, ರಾತ್ರಿ ಹೆಡ್‌ಲೈಟ್ ಬೆಳಕು ತೀರಾ ಹತ್ತಿರ ಬೀಳುತ್ತಿದೆ. ಅದು ಬೇರೆ ವಿಷಯ ಇರಬೇಕು. ಏನು ಮಾಡಲಿ?

ಉತ್ತರ: ರ‍್ಯಾಕ್ (ಸ್ಟಿಯರಿಂಗ್ ತಿರುವನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಭಾಗ) ಸದ್ಯಕ್ಕೆ ಮುಟ್ಟಬೇಡಿ. ಮತ್ತೆ, ಇದು ಸರಿಯಾಗುವ ತನಕ ಮಳೆಯಲ್ಲಿ ಘಾಟಿ ಇಳಿಯುವಾಗ ಖಾಲಿ ಗಾಡಿಯನ್ನು ಜೋರಾಗಿ ಓಡಿಸಲೇಬೇಡಿ. ಈ ಎರಡನೆಯ ಮಾತನ್ನು ಮೊದಲನೆಯದಕ್ಕಿಂತ ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. ಎರಡನ್ನೂ ನೀವು ಕೊನೆಯಲ್ಲಿ ಬರೆದು ಬಿಟ್ಟಿದ್ದೀರಿ. ಒಂದು, ಮೂಟೆ ಹೇರಿದಾಗ ಗಾಡಿ ನೆಟ್ಟಗೆ ಹೋಗುತ್ತದೆ. ರ‍್ಯಾಕ್ ಸವೆದಿದ್ದರೆ ಖಾಲಿ ಇದ್ದರೂ ಸವೆದೇ ಇರುತ್ತದೆ, ಮೂಟೆ ಹೇರಿದರೂ ಸವೆದೇ ಇರುತ್ತದೆ. ಹಿಂದೆ ನಾಲ್ಕು ಮೂಟೆ ಇಟ್ಟ ಕೂಡಲೇ ಅದು ವಾಸಿಯಾಗುವುದಿಲ್ಲ ಅಲ್ವಾ? ಇನ್ನೊಂದು, ಹೆಡ್‌ಲೈಟ್. ಅದು ಬೇರೆ ವಿಷಯ ಅಲ್ಲವೇ ಅಲ್ಲ. ಗಾಡಿಯ ಹಿಂಭಾಗ ಎಷ್ಟು ಎತ್ತಿದೆ ಅಂತ ಹೆಡ್‌ಲೈಟೇ ನಿಮಗೆ ಪ್ರತಿ ರಾತ್ರಿ ತೋರಿಸುತ್ತಿದೆ.

ಇದನ್ನು ಲೆಕ್ಕ ಹಾಕಿ ನೋಡೋಣ. ನಿಮ್ಮ ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2,750 ಮಿಲಿಮೀಟರ್. ಗಟ್ಟಿ ಸ್ಪ್ರಿಂಗ್‌ನಿಂದ ಹಿಂಭಾಗ 50 ಮಿಲಿಮೀಟರ್ ಮೇಲೆದ್ದಿದೆ ಅಂದುಕೊಳ್ಳಿ. ಆಗ ಇಡೀ ಗಾಡಿ ಸುಮಾರು 1 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ನೆಲದಿಂದ 90 ಸೆಂಟಿಮೀಟರ್ ಎತ್ತರದ ದೀಪದ ಬೆಳಕು ಮೊದಲು 75 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತಿದ್ದರೆ, ಈ ಒಂದು ಡಿಗ್ರಿಯಿಂದ 30 ಮೀಟರಿಗೇ ಬಂದು ಬೀಳುತ್ತದೆ. ನಿಮಗೆ ಕಾಣುತ್ತಿರುವುದು ಇದೇ.

ದೀಪ ಬಾಗಿದಷ್ಟೇ ಮುಂದಿನ ಚಕ್ರದ ಕ್ಯಾಸ್ಟರ್ ಕೂಡ ಕಡಿಮೆಯಾಗಿರುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರುವುದನ್ನು ನೋಡಿದ್ದೀರಿ. ಆ ಓರೆಯ ಸಹಾಯದಿಂದ ಹ್ಯಾಂಡಲ್ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗುತ್ತದೆ. ಕಾರಿನಲ್ಲಿ ಆ ಓರೆಗೆ ಕ್ಯಾಸ್ಟರ್ ಅನ್ನುತ್ತಾರೆ. ಇರುವುದೇ ಕೆಲವು ಡಿಗ್ರಿ. ಅದರಲ್ಲಿ ಒಂದು ಡಿಗ್ರಿ ಹೋದರೆ ಸ್ಟಿಯರಿಂಗ್ ತಾನಾಗಿ ನಡುವಿಗೆ ಬರುವ ಗುಣ ಕುಂದುತ್ತದೆ. ಹೆದ್ದಾರಿಯಲ್ಲಿ ಸಣ್ಣ ಸಣ್ಣದಾಗಿ ತಿದ್ದುತ್ತಲೇ ಇರಬೇಕಾಗುತ್ತದೆ. ‘ಅಲೆದಾಡುತ್ತದೆ’ ಅಂತ ನೀವು ಬರೆದದ್ದು ಇದನ್ನೇ ಅಂತ ನನ್ನ ಅಂದಾಜು.

ಹಾಗಾದರೆ ಮೂರು ಸಲ ಅಲೈನ್‌ಮೆಂಟ್ ಮಾಡಿದವರಿಗೆ ಇದು ಯಾಕೆ ಕಾಣಲಿಲ್ಲ? ಹೆಚ್ಚಿನ ಕಡೆ ಅಲೈನ್‌ಮೆಂಟ್ ಅಂದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಮಾತ್ರ ಹೊಂದಿಸುವುದು. ಸ್ಟಿಯರಿಂಗ್‌ಗೂ ಚಕ್ರಕ್ಕೂ ನಡುವಿನ ಟೈ ರಾಡ್ ತಿರುಗಿಸಿ, ಪರದೆಯ ಮೇಲೆ ಹಸಿರು ಬಂದರೆ ಕೆಲಸ ಮುಗಿಯಿತು. ಕ್ಯಾಸ್ಟರ್ ಅಳೆಯಬೇಕಾದರೆ ಚಕ್ರವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಓದಿಸಬೇಕು, ಸಮಯ ಹಿಡಿಯುತ್ತದೆ. ಆ ಮೂರು ಸಲದ ಪ್ರಿಂಟ್ ನಿಮ್ಮ ಹತ್ತಿರ ಇದ್ದರೆ ತೆಗೆದು ನೋಡಿ. ಕ್ಯಾಸ್ಟರ್ ಸಾಲಿನಲ್ಲಿ ಅಂಕಿ ಇದೆಯೋ, ಖಾಲಿ ಇದೆಯೋ? ಖಾಲಿ ಇದ್ದರೆ ಅಳೆದೇ ಇಲ್ಲ.

ಈಗ ಮೂಟೆಯ ವಿಷಯ. ಸ್ಪ್ರಿಂಗ್‌ಗೂ ಶಾಕ್‌ಗೂ ಬೇರೆ ಬೇರೆ ಕೆಲಸ. ಸ್ಪ್ರಿಂಗ್ ಭಾರ ಹೊರುತ್ತದೆ. ಹೊಂಡ ಸಿಕ್ಕಾಗ ಒತ್ತಿಕೊಂಡು, ಅದೇ ಶಕ್ತಿಯನ್ನು ವಾಪಸ್ ಕೊಡುತ್ತದೆ. ಅದನ್ನು ಹಾಗೇ ಬಿಟ್ಟರೆ ಉಯ್ಯಾಲೆಯಂತೆ ಆಡುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ ಸಣ್ಣ ವಾಲ್ವ್‌ಗಳ ಮೂಲಕ ನುಗ್ಗಿ, ಆ ಕುಣಿತವನ್ನು ಶಾಖವಾಗಿ ಮಾಡಿ ನಿಲ್ಲಿಸುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನು ಹಿಡಿಯುವ ಶಾಕ್ ಕೂಡ ಬಲವಾಗಿರಬೇಕು, ಅದರಲ್ಲೂ ಮೇಲಕ್ಕೆ ಚಿಮ್ಮುವಾಗ. ಸ್ಪ್ರಿಂಗ್ 40 ಶೇಕಡಾ ಗಟ್ಟಿಯಾದರೆ ಅದೇ ಭಾರದಲ್ಲಿ ಕುಣಿತದ ವೇಗ ಸುಮಾರು 18 ಶೇಕಡಾ ಏರುತ್ತದೆ. ಶಾಕ್‌ನ ಹಿಡಿತವೂ ಹೆಚ್ಚುಕಡಿಮೆ ಅಷ್ಟೇ ಏರಬೇಕು.

‘ಹೆವಿ ಡ್ಯೂಟಿ’ ಅಂತ ಮಾರುವ ಹಿಂದಿನ ಸ್ಪ್ರಿಂಗ್‌ಗಳಲ್ಲಿ ಬಹಳಷ್ಟು, ಯಾವಾಗಲೂ 200–400 ಕಿಲೋ ಹೊರುವ ಗಾಡಿಗೆ ಅಂತ ಮಾಡಿದವು. ಹಿಂದೆ ಖಾಯಂ ಸಾಮಾನಿನ ಪೆಟ್ಟಿಗೆ, ನೀರಿನ ಟ್ಯಾಂಕ್, ಎರಡನೇ ಡೀಸೆಲ್ ಟ್ಯಾಂಕ್ ಇಟ್ಟುಕೊಂಡು ಓಡಾಡುವವರಿಗೆ ಅದು ಸರಿ. ನಿಮ್ಮದು ಕಾಫಿ ಕೊಯ್ಲಿನ ಎರಡು ಮೂರು ತಿಂಗಳ ಭಾರ. ಉಳಿದ ದಿನ ನೀವೊಬ್ಬರೇ, ಹೆಚ್ಚೆಂದರೆ ಮನೆಯವರು. 50 ಕಿಲೋದ ನಾಲ್ಕು ಮೂಟೆ ಹಾಕಿದಾಗ 200 ಕಿಲೋ ಆಯಿತು, ಸ್ಪ್ರಿಂಗ್ ತನ್ನ ಜಾಗಕ್ಕೆ ಬಂತು, ಹಿಂಭಾಗ ಇಳಿಯಿತು, ಕ್ಯಾಸ್ಟರ್ ವಾಪಸ್ ಬಂತು, ಗಾಡಿ ನೆಟ್ಟಗಾಯಿತು. ಅದಕ್ಕೇ ಮೂಟೆ ಹೇರಿದಾಗ ತೊಂದರೆ ಇಲ್ಲ.

ಇನ್ನು ಮುಂದಿನ ಜೋಡಿ. 1.4 ಲಕ್ಷ ಕಿಲೋಮೀಟರ್ ಓಡಿದ ಶಾಕ್‌ಗಳು ಮುಂದೆ, ಆರು ತಿಂಗಳ ಗಟ್ಟಿ ಶಾಕ್‌ಗಳು ಹಿಂದೆ. ಈ ಜೋಡಣೆಯೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ತಿರುವಿಗೆ ಇಳಿದ ಮೊದಲ ಕ್ಷಣದಲ್ಲಿ ಗಾಡಿಯ ಭಾರ ಒಂದು ಬದಿಗೆ ಸರಿಯುತ್ತದೆ. ಯಾವ ತುದಿಯ ಸ್ಪ್ರಿಂಗ್ ಮತ್ತು ಶಾಕ್ ಗಟ್ಟಿಯೋ, ಆ ತುದಿಯ ಹೊರಗಿನ ಚಕ್ರದ ಮೇಲೆ ಆ ಭಾರ ಜಾಸ್ತಿ ಬೀಳುತ್ತದೆ. ಅದೇ ತುದಿಯ ಒಳಗಿನ ಚಕ್ರ ಹಗುರಾಗುತ್ತದೆ. ಎರಡೂ ಸೇರಿ ಆ ತುದಿಯ ಹಿಡಿತ ಮೊದಲು ಬಿಡುತ್ತದೆ. ಕಂಪನಿಯವರು ಮಾಮೂಲಿಯಾಗಿ ಮುಂದಿನ ಚಕ್ರ ಮೊದಲು ಜಾರುವಂತೆ ಹೊಂದಿಸಿರುತ್ತಾರೆ. ಆಗ ಚಾಲಕ ಆಕ್ಸಿಲರೇಟರ್ ಬಿಟ್ಟರೆ ಗಾಡಿ ದಾರಿಗೆ ಬರುತ್ತದೆ. ನಿಮ್ಮ ಗಾಡಿಯಲ್ಲಿ ಅದು ತಿರುಗುಮುರುಗಾಗಿದೆ. ಹಿಂದಿನದು ಮೊದಲು ಜಾರುತ್ತದೆ, ಅಲ್ಲಿ ಹೆದರಿ ಕಾಲು ತೆಗೆದರೆ ಇನ್ನೂ ಜಾರುತ್ತದೆ. ಶಿರಾಡಿಯಲ್ಲಿ ಆದದ್ದು ಮಳೆಯ ತಪ್ಪು ಮಾತ್ರ ಅಂತ ನಾನು ಒಪ್ಪುವುದಿಲ್ಲ.

ಹಿಂದಿನ ಸ್ಪ್ರಿಂಗ್ ಸ್ವಲ್ಪ ಬೇಗ ಕುಣಿಯುವಂತೆ ಇಡುವುದು ತಪ್ಪೇನಲ್ಲ, ಅದು ಹಳೆಯ ಪಾಠ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಮಾರಿಸ್ ಆಲಿ ಅನ್ನುವ ಎಂಜಿನಿಯರ್ ಇದನ್ನು ಕೆಲಸ ಮಾಡಿ ತೋರಿಸಿದರು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ಹಿಂದಿನದು ತಡವಾಗಿ ಕುಣಿಯಲು ಶುರು ಮಾಡಿದರೂ ಸ್ವಲ್ಪ ಚುರುಕಾಗಿದ್ದರೆ ಮುಂದಿನದನ್ನು ಹಿಡಿದುಕೊಳ್ಳುತ್ತದೆ. ಆಗ ಗಾಡಿ ಮುಂದೆ ಹಿಂದೆ ತೂಗದೆ ಒಟ್ಟಿಗೆ ಏರಿ ಇಳಿಯುತ್ತದೆ. ಪ್ರಯಾಣಿಕರ ಗಾಡಿಗಳಲ್ಲಿ ಈ ಕುಣಿತ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಇರುತ್ತದೆ. ಮುಂದೆ ಹಿಂದೆ ವ್ಯತ್ಯಾಸ ಬಹಳ ಸಣ್ಣದು. ಒಂದೇ ತುದಿಗೆ ಬೇರೆ ಸೆಟ್ ಹಾಕಿದಾಗ ಹಾಳಾಗುವುದು ಈ ಸಣ್ಣ ಲೆಕ್ಕವೇ.

ಇಷ್ಟು ಹೇಳಿದ್ದು ಅಂದಾಜು. ಈಗ ಅದನ್ನು ಖಚಿತ ಮಾಡಿಕೊಳ್ಳಬೇಕು. ದುಡ್ಡು ಖರ್ಚಾಗದ ಪರೀಕ್ಷೆಗಳಿಂದ ಶುರು ಮಾಡಿ.

ಮೊದಲು ಟೈರ್. ನಾಲ್ಕರಲ್ಲೂ ಗಾಳಿಯನ್ನು ತಣ್ಣಗಿರುವಾಗ, ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುವಷ್ಟಕ್ಕೆ ತನ್ನಿ. ಮೂಟೆಗೆ ಅಂತ ಹಿಂದೆ ಜಾಸ್ತಿ ಗಾಳಿ ಹಾಕಿಸಿ ಹಾಗೇ ಬಿಟ್ಟಿರುವವರು ಬಹಳ ಜನ. ಆಮೇಲೆ ಮುಂದಿನ ಟೈರ್ ಮೇಲೆ ಅಂಗೈ ಸವರಿ. ಅಲ್ಲಲ್ಲಿ ತಗ್ಗು ದಿಣ್ಣೆಯಂತೆ ಸವೆದಿದ್ದರೆ ಮುಂದಿನ ಶಾಕ್ ಸತ್ತಿದೆ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಮುಂದಿನ ಟೈರ್ ಹಿಂದೆ, ಹಿಂದಿನವು ಮುಂದೆ ಹಾಕಿ ಒಂದು ದಿನ ಓಡಿಸಿ. ಓಲಾಟದ ರೀತಿಯೇ ಬದಲಾದರೆ ಟೈರ್ ಕೂಡ ತಪ್ಪುಗಾರ.

ಎರಡನೆಯದು ಎತ್ತರ. ಸಮತಟ್ಟಾದ ಜಾಗದಲ್ಲಿ, ಕಾಫಿ ಒಣಗಿಸುವ ಕಣವಾದರೆ ಚೆನ್ನ, ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಆಮೇಲೆ ಪ್ರತಿ ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನ ತನಕ ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ನಾಲ್ಕು ಅಂಕಿ ಬರೆದುಕೊಳ್ಳಿ. ನಾಲ್ಕು ಮೂಟೆ ಹಾಕಿ ಮತ್ತೆ ಅಳೆಯಿರಿ. ನಿಮ್ಮ ಕಡೆ ಇದೇ ಮಾಡೆಲ್‌ನ, ಏನೂ ಬದಲಿಸದ ಗಾಡಿ ಸಿಗುವುದು ಕಷ್ಟವಲ್ಲ. ಅದರ ನಾಲ್ಕು ಅಂಕಿ ಪಕ್ಕದಲ್ಲಿ ಬರೆದರೆ ಅರ್ಧ ರೋಗ ಅಲ್ಲೇ ಸಿಗುತ್ತದೆ.

ಎಡ ಬಲದ ವ್ಯತ್ಯಾಸವನ್ನೂ ನೋಡಿ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಂದು ಬೊಲೆರೋ ಬಂದಿತ್ತು. ಬಲ ತಿರುವಿನಲ್ಲಿ ಸರಿ, ಎಡ ತಿರುವಿನಲ್ಲಿ ಮಗುಚಿದಂತೆ ವಾಲುತ್ತಿತ್ತು. ಮಾಲೀಕರು ಟೈರ್ ಬದಲಿಸಿದ್ದರು, ಬಾಲ್ ಜಾಯಿಂಟ್ ಬದಲಿಸಿದ್ದರು. ಟೇಪ್ ಹಿಡಿದಾಗ ಹಿಂದೆ ಎಡಕ್ಕೂ ಬಲಕ್ಕೂ 22 ಮಿಲಿಮೀಟರ್ ವ್ಯತ್ಯಾಸ ಬಂತು. ಯಾವುದೋ ಕಾಲದಲ್ಲಿ ಹಿಂದಿನ ಪಟ್ಟಿ ಸ್ಪ್ರಿಂಗ್‌ನ ಒಂದು ಪ್ಲೇಟ್ ಮುರಿದಿತ್ತು. ಆಗ ಎಡಬದಿಗೆ ಮಾತ್ರ ಒಂದು ಪ್ಲೇಟ್ ಜಾಸ್ತಿ ಸೇರಿಸಿ ಕಟ್ಟಿದ್ದರು. ಐದು ನಿಮಿಷದ ಅಳತೆ ಮೊದಲೇ ಮಾಡಿದ್ದರೆ ಅವರ ದುಡ್ಡು ಉಳಿಯುತ್ತಿತ್ತು. ಅದು ಇವತ್ತಿಗೂ ನನಗೆ ಬೇಸರ ತರುವ ಸಂಗತಿ. ಒಂದು ಆಕ್ಸಲ್‌ನ ಎರಡು ಬದಿಗೆ ಒಂದೇ ಕಂಪನಿಯ, ಒಂದೇ ನಂಬರಿನ, ಒಂದೇ ವಯಸ್ಸಿನ ಭಾಗ ಇರಬೇಕು. ಕೆಲವು ಗಾಡಿಗಳಲ್ಲಿ ಕಂಪನಿಯೇ ಎಡ ಬಲಕ್ಕೆ ಬೇರೆ ಸ್ಪ್ರಿಂಗ್ ಕೊಟ್ಟಿರುತ್ತದೆ. ಅದು ಬೇರೆ ಲೆಕ್ಕ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ಒಂದೇ ತುಂಡು. ಅದು ಪಕ್ಕಕ್ಕೆ ಸರಿಯದಂತೆ ಒಂದು ಅಡ್ಡ ರಾಡ್ ಹಿಡಿದಿರುತ್ತದೆ. ಒಂದು ತುದಿ ಚಾಸಿಸ್‌ಗೆ, ಇನ್ನೊಂದು ಆಕ್ಸಲ್‌ಗೆ. ಗ್ಯಾರೇಜ್‌ನಲ್ಲಿ ಪ್ಯಾನ್‌ಹಾರ್ಡ್ ರಾಡ್ ಅನ್ನುತ್ತಾರೆ. ಹಿಂಭಾಗ ಎತ್ತಿದರೆ ಈ ರಾಡ್ ಇನ್ನೂ ಓರೆಯಾಗುತ್ತದೆ, ಆಕ್ಸಲ್ಲನ್ನು ಒಂದು ಬದಿಗೆ ಎಳೆಯುತ್ತದೆ. ಓರೆ ಹೆಚ್ಚಿದ ಮೇಲೆ ಪ್ರತಿ ಉಬ್ಬಿಗೂ ಆಕ್ಸಲ್ ಮೊದಲಿಗಿಂತ ಜಾಸ್ತಿ ಪಕ್ಕಕ್ಕೆ ಆಡುತ್ತದೆ. ಲಾರಿಯ ಗಾಳಿ ಬಡಿದು ಗಾಡಿ ಮೇಲೆ ಕೆಳಗೆ ಆದಾಗ ಹಿಂಭಾಗ ‘ಎಳೆದಂತೆ’ ಆಗುವುದಕ್ಕೆ ಇದು ದೊಡ್ಡ ಕಾರಣ. ನೋಡುವುದು ಸುಲಭ. ಎರಡೂ ಹಿಂದಿನ ಫೆಂಡರ್ ಅಂಚಿನಿಂದ ತೂಗುಗುಂಡು ಇಳಿಬಿಡಿ. ದಾರಕ್ಕೂ ಟೈರಿನ ಪಕ್ಕಕ್ಕೂ ಎಷ್ಟು ಅಂತರ ಅಂತ ಎರಡೂ ಕಡೆ ನೋಡಿ. ಎರಡಕ್ಕೂ ವ್ಯತ್ಯಾಸ ಹೆಚ್ಚಿದ್ದರೆ ಆಕ್ಸಲ್ ಸರಿದಿದೆ.

ಈ ರಾಡ್‌ನ ತುದಿಯಲ್ಲಿ ರಬ್ಬರ್ ಬುಷ್ ಇರುತ್ತದೆ, ಆಕ್ಸಲ್ ಹಿಡಿಯುವ ಉದ್ದದ ಆರ್ಮ್‌ಗಳಲ್ಲೂ ಇರುತ್ತದೆ. ಸ್ಪ್ರಿಂಗ್ ತೆಗೆಯುವಾಗ ಸಾಮಾನ್ಯವಾಗಿ ಇದರ ಬೋಲ್ಟ್ ಸಡಿಲಿಸುತ್ತಾರೆ. ಗಾಡಿ ಲಿಫ್ಟ್ ಮೇಲೆ, ಚಕ್ರ ನೇತಾಡುತ್ತಿರುವಾಗಲೇ ಮತ್ತೆ ಬಿಗಿದುಬಿಟ್ಟರೆ ಬುಷ್ ತಿರುಚಿಕೊಂಡೇ ಕೂತುಬಿಡುತ್ತದೆ. ಗಾಡಿ ಕೆಳಗೆ ಇಳಿಸಿದ ಮೇಲೆ ಸದಾ ಒಂದು ಎಳೆತ ಇರುತ್ತದೆ, ಬುಷ್ ಬೇಗ ಹರಿಯುತ್ತದೆ. ಆದ್ದರಿಂದ ಚಕ್ರ ನೆಲದ ಮೇಲೆ ಇಟ್ಟು, ಗಾಡಿಯ ಭಾರ ಬಿದ್ದ ಮೇಲೆ ಆ ಬೋಲ್ಟ್‌ಗಳನ್ನು ಸಡಿಲಿಸಿ ಮತ್ತೆ ಕಂಪನಿ ಹೇಳಿದ ಬಿಗಿತಕ್ಕೆ (ಟಾರ್ಕ್) ಬಿಗಿಸಿ. ರ‍್ಯಾಕ್‌ನ ಮಾತು ಎತ್ತುವ ಮೊದಲು ಈ ಕೆಲಸ ಆಗಲೇಬೇಕು. ಬುಷ್ ಬಿರುಕು ಬಿಟ್ಟಿದೆಯೇ ಅಂತ ಸಣ್ಣ ಸಲಾಕೆ ಹಾಕಿ ಮೀಟಿ ನೋಡುವುದೂ ಅದೇ ಹೊತ್ತಿಗೆ ಆಗುತ್ತದೆ.

ಇನ್ನೊಂದು ಕೇಳಬೇಕಿತ್ತು. ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ಏನಾದರೂ ತುರುಕಿದ್ದಾರಾ? ಇದ್ದರೆ ಇವತ್ತೇ ತೆಗೆಸಿ. ಅದು ಒಂದೆರಡು ಸುತ್ತು ಕೆಲಸ ಮಾಡದಂತೆ ತಡೆಯುತ್ತದೆ. ಮೊದಲೇ ಗಟ್ಟಿಯಾದ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತದೆ.

ಇನ್ನು ಶಾಕ್‌ಗಳ ಪರೀಕ್ಷೆ. ಮೂಲೆ ಹಿಡಿದು ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಎರಡು ಟನ್ ಹತ್ತಿರದ ಗಾಡಿಯಲ್ಲಿ ಅದರಿಂದ ಪೂರ್ತಿ ಸತ್ತ ಶಾಕ್ ಮಾತ್ರ ಗೊತ್ತಾಗುತ್ತದೆ, ಹೊಂದಿಕೆ ಗೊತ್ತಾಗುವುದಿಲ್ಲ. ನಾನು ನಂಬುವುದು ಶಾಖವನ್ನು. ತೋಟದ ಕೆಟ್ಟ ರಸ್ತೆಯಲ್ಲಿ 15–20 ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕು ಶಾಕ್‌ಗಳ ಮೈ ಬಿಸಿ ನೋಡಿ. ಮುಟ್ಟಬೇಡಿ, ಸುಡುತ್ತದೆ. ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಕೆಲಸ ಮಾಡಿದ ಶಾಕ್ ಬಿಸಿಯಾಗಿರುತ್ತದೆ. ಒಂದೇ ಆಕ್ಸಲ್‌ನ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ತಣ್ಣಗೆ ಉಳಿದದ್ದು ಸುಮ್ನೆ ಜೊತೆಗೆ ಬಂದದ್ದು. ನಿಮ್ಮ ಮುಂದಿನವು ಹಾಗೇ ಇರುತ್ತವೆ ಅಂತ ನನ್ನ ಊಹೆ.

ಆಮೇಲೆ ಒಂದು ವಿಡಿಯೋ. ಒಬ್ಬರು ರಸ್ತೆ ಬದಿಯಲ್ಲಿ ನಿಂತು, ಗಾಡಿ 25 ಕಿಲೋಮೀಟರ್ ವೇಗದಲ್ಲಿ ಹಂಪ್ ದಾಟುವುದನ್ನು ಮೊಬೈಲ್‌ನಲ್ಲಿ ಸ್ಲೋ ಮೋಷನ್ ತೆಗೆಯಲಿ. ಹಂಪ್ ಆದ ಮೇಲೆ ಮುಂಭಾಗ ಎಷ್ಟು ಸಲ ಏರಿ ಇಳಿಯಿತು, ಹಿಂಭಾಗ ಎಷ್ಟು ಸಲ ಅಂತ ಎಣಿಸಿ. ಸರಿಯಾದ ಗಾಡಿ ಒಂದು ಸಲ ಏರಿ ಇಳಿದು ಕೂರುತ್ತದೆ. ಮುಂದಿನದು ಎರಡು ಮೂರು ಸಲ ತೂಗಿ, ಹಿಂದಿನದು ಒಂದೇ ಸಲ ಒದ್ದು ನಿಂತರೆ ನಾನು ಹೇಳಿದ ಜೋಡಣೆಯೇ. ಹಿಂದಿನದೂ ಪದೇ ಪದೇ ಚಿಮ್ಮುತ್ತಿದ್ದರೆ ಹೊಸ ಶಾಕ್ ಆ ಸ್ಪ್ರಿಂಗ್‌ಗೆ ಸಾಲುತ್ತಿಲ್ಲ. ಹಂಪ್ ಇಳಿಯುವಾಗ ಹಿಂದಿನಿಂದ ‘ಟಕ್’ ಅಂತ ಸದ್ದು ಬಂದರೆ ಶಾಕ್ ಉದ್ದ ಸಾಲದೆ ಪೂರ್ತಿ ಎಳೆದು ನಿಂತಿದೆ. ಸ್ಪ್ರಿಂಗ್ ಎತ್ತರದ್ದು, ಶಾಕ್ ಮಾಮೂಲಿ ಉದ್ದದ್ದು ಆದಾಗ ಹೀಗಾಗುತ್ತದೆ. ಆ ಕ್ಷಣದಲ್ಲಿ ಚಕ್ರ ನೆಲ ಬಿಡುತ್ತದೆ.

ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ತೀರ್ಮಾನಿಸುವುದು ಕೊನೆಯ ಪರೀಕ್ಷೆ. ಹಳೆಯ ಸ್ಪ್ರಿಂಗ್ ಗುಜರಿಗೆ ಹಾಕಿಲ್ಲ ಅಂತ ಅಂದುಕೊಂಡಿದ್ದೇನೆ. ಅವನ್ನು ಹಿಂದೆ ವಾಪಸ್ ಹಾಕಿಸಿ, ಬುಷ್‌ಗಳನ್ನು ನೆಲದ ಮೇಲೆ ಬಿಗಿಸಿ, ಒಂದು ವಾರ ಖಾಲಿ ಓಡಿಸಿ. ಹೆದ್ದಾರಿಯ ಅಲೆದಾಟ ಬಹುಪಾಲು ಹೋಗುತ್ತದೆ ಅಂತ ನನಗೆ ನಂಬಿಕೆ ಇದೆ. ಹೋಗದೇ ಇದ್ದರೆ ಆಗ ಬಾಲ್ ಜಾಯಿಂಟ್, ಟೈ ರಾಡ್, ರ‍್ಯಾಕ್ ಕಡೆ ನೋಡಬಹುದು. 90ರಲ್ಲಿ ಸ್ಟಿಯರಿಂಗ್ ಚಕ್ರವೇ ಕೈಯಲ್ಲಿ ಗಡಗಡ ನಡುಗುವುದು ಬೇರೆ ರೋಗ, ಅದು ವೀಲ್ ಬ್ಯಾಲೆನ್ಸಿಂಗ್. ನೀವು ಅದನ್ನು ಬರೆದಿಲ್ಲ.

ಸರಿಪಡಿಸುವ ದಾರಿ ಎರಡು ಇವೆ. ಮುಂದೆಯೂ ಅದೇ ಹೆವಿ ಡ್ಯೂಟಿ ಸೆಟ್ ಹಾಕಿ ಸಮ ಮಾಡಿ ಅಂತ ಅಂಗಡಿಯವರು ಹೇಳಬಹುದು. ನಿಮಗೆ ಅದು ಬೇಡ. ಹಾಗೆ ಮಾಡಿದರೆ ಖಾಲಿ ಗಾಡಿ ನಾಲ್ಕೂ ಕಡೆ ಗಟ್ಟಿಯಾಗುತ್ತದೆ, ಎತ್ತರವೂ ಏರುತ್ತದೆ. ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಅಪಘಾತವಾದಾಗ ವಿಮೆಯವರೂ ಪ್ರಶ್ನೆ ಎತ್ತಬಹುದು. ನನ್ನ ಸಲಹೆ, ಹಿಂದೆ ಮೂಲ ಅಳತೆಯ ಸ್ಪ್ರಿಂಗ್ ಮತ್ತು ನಾಲ್ಕೂ ಕಡೆ ಮೂಲ ಅಳತೆಯ ಹೊಸ ಶಾಕ್. ಹಳೆಯ ಸ್ಪ್ರಿಂಗ್ ಹಾಕುವ ಮೊದಲು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಉದ್ದ ಒಂದೇ ಇರಬೇಕು, ಇಲ್ಲದಿದ್ದರೆ ಜೋಡಿಯಾಗಿ ಹೊಸದು. ಮುಂದಿನ ಶಾಕ್ ಜೊತೆಗೆ ಮೇಲಿನ ಮೌಂಟ್ ರಬ್ಬರ್ ಮತ್ತು ಬಂಪ್ ಸ್ಟಾಪ್ (ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) ಕೂಡ ಬದಲಿಸಿ. ಸ್ಪ್ರಿಂಗ್ ಒಮ್ಮೆ ಬಿಚ್ಚಿದ ಮೇಲೆ ಅದಕ್ಕೆ ಮತ್ತೆ ಕೂಲಿ ಕೊಡಬೇಕಾಗಿಲ್ಲ.

ಮೂಟೆಯ ತಿಂಗಳಿಗೆ ಏನು ಮಾಡುವುದು? ಹಿಂದಿನ ಕಾಯಿಲ್ ಸ್ಪ್ರಿಂಗ್ ಒಳಗೆ ಕೂರುವ ಗಾಳಿಚೀಲ ಸಿಗುತ್ತದೆ. ಕೊಯ್ಲಿನಲ್ಲಿ ಗಾಳಿ ತುಂಬಿಸಿ, ಖಾಲಿ ಇರುವಾಗ ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕೆ ಇಳಿಸಿ. ಆದರೂ ಕಂಪನಿ ಹೇಳಿದ ಗರಿಷ್ಠ ಭಾರ ಮೀರಬಾರದು. ಚೀಲ ಎತ್ತರ ಹಿಡಿಯುತ್ತದೆ, ಬ್ರೇಕ್ ಮತ್ತು ಆಕ್ಸಲ್ ಬಲ ಹೆಚ್ಚಿಸುವುದಿಲ್ಲ. ಆರಕ್ಕಿಂತ ಜಾಸ್ತಿ ಮೂಟೆ ಇದ್ದರೆ ದಯವಿಟ್ಟು ಪಿಕಪ್ ಕರೆಸಿ.

ಇದೆಲ್ಲ ಆದ ಮೇಲೆ, ಕೊನೆಗೆ ಅಲೈನ್‌ಮೆಂಟ್. ಮೊದಲಲ್ಲ. ಅರ್ಧ ಟ್ಯಾಂಕ್ ಡೀಸೆಲ್ ಇರಲಿ, ಮೂಟೆ ಇರಬಾರದು. ‘ಕ್ಯಾಸ್ಟರ್ ಓದಿಸಿ, ಪ್ರಿಂಟ್ ಕೊಡಿ’ ಅಂತ ಬಾಯಿಬಿಟ್ಟು ಕೇಳಿ. ನಿಮ್ಮ ಗಾಡಿಯಲ್ಲಿ ಮುಂದಿನ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ಗಳಿಂದ ಕ್ಯಾಸ್ಟರ್, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಎರಡನ್ನೂ ಹೊಂದಿಸಬಹುದು. ಆ ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ ಕೆಲವರು ‘ಇದು ಹೊಂದಿಸಲು ಬರಲ್ಲ’ ಅಂದುಬಿಡುತ್ತಾರೆ, ಒಪ್ಪಬೇಡಿ. ಹೆಡ್‌ಲೈಟ್‌ನ ಸ್ಕ್ರೂಗೆ ಮಾತ್ರ ಈಗಲೇ ಯಾರೂ ಕೈ ಹಾಕದಂತೆ ನೋಡಿಕೊಳ್ಳಿ. ಹಿಂಭಾಗ ತನ್ನ ಎತ್ತರಕ್ಕೆ ಇಳಿದ ರಾತ್ರಿ ಬೆಳಕು ತಾನಾಗಿಯೇ ದೂರ ಹೋಗುತ್ತದೆ. ಹೋಗದಿದ್ದರೆ ಮತ್ತೆ ಟೇಪ್ ಹಿಡಿದು ನಾಲ್ಕು ಅಂಕಿ ಬರೆದು ಕಳಿಸಿ, ನೋಡೋಣ.